ಅಂಚಿನಲ್ಲಿ ಉಳಿದ ಕುಂಕುಮ

ಸಿಡ್ನಿಯ ಪ್ಯಾರಮಟ್ಟಾದಿಂದ ಮೆಲ್ಬರ್ನಿಗೆ ನಾನು ಹೋದದ್ದು ಮಗಳು ಕೆಲಸ ಮಾಡುವ ಗ್ರಂಥಾಲಯವನ್ನು ನೋಡಲು. ಹಳೆಯ ಪುಸ್ತಕಗಳನ್ನು ಕೆಡದಂತೆ ಕಾಪಾಡುವುದು ಅವಳ ಕೆಲಸ. ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದ ಮೇಲೆ ಅವಳನ್ನು ಕಾಯಂ ಮಾಡಬಹುದೋ ಇಲ್ಲವೋ ಎಂದು ಮೇಲಧಿಕಾರಿ ಬರೆದುಕೊಡಬೇಕಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನಗೂ ಇದು ಮೊದಲೇ ಗೊತ್ತಿತ್ತು.

ನಾನು ನಿವೃತ್ತ ಪೆಥಾಲಜಿಸ್ಟ್. ಸ್ಲೈಡಿನ ಮೇಲೆ ಬೆರಳಚ್ಚು ಬೀಳಿಸಿದ ಕಿರಿಯರನ್ನು ಮೂವತ್ತು ವರ್ಷ ಬೈದವಳು. ಬಾಕ್ಸ್ ಹಿಲ್‌ನ ಅವಳ ಮನೆಯಿಂದ ಹೊರಟಾಗ, ಅಂದು ತೋರಿಸುವುದು ಲ್ಯಾಟಿನ್ ಪುಸ್ತಕವೆಂದು ಅವಳು ಅಂದದ್ದಕ್ಕೆ, ಕಾರಿನಲ್ಲಿ ಹೇಳಿದೆ: "ಲ್ಯಾಟಿನ್ ನಂಗೂ ಬರತ್ತೆ ಕಣೆ. ಮೈಯಲ್ಲಿರೋ ಮೂಳೆಯೆಲ್ಲ ಲ್ಯಾಟಿನ್ನೇ."

"ಅಮ್ಮಾ, ಪ್ಲೀಸ್, ಇದನ್ನ ನಮ್ಮ ಬಾಸ್ ಮುಂದೆ ಹೇಳ್ಬೇಡ."

ನಿಯಮಗಳನ್ನೆಲ್ಲ ಪಾಲಿಸಿದೆ. ಬ್ಯಾಗನ್ನು ಲಾಕರಿನಲ್ಲಿಟ್ಟೆ, ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಕೈ ತೊಳೆದು, ಆಪರೇಷನ್ನಿಗೆ ಹೊರಟವಳಂತೆ ಬೆರಳುಗಳನ್ನು ಮೇಲೆ ಮಾಡಿಕೊಂಡು ಒಳಗೆ ನಡೆದೆ. ಮೇಜಿನ ಮೇಲೆ, ಸ್ಪಂಜಿನ ದಿಂಬಿಗೆ ಒರಗಿ, ಲ್ಯಾಟಿನ್ ಪ್ರಾರ್ಥನೆಗಳ ಕೈಬರಹದ ಪುಸ್ತಕವೊಂದು ತೆರೆದುಕೊಂಡಿತ್ತು. ಅಚ್ಚುಯಂತ್ರ ಬರುವುದಕ್ಕೆ ಮುಂಚಿನದು. ಕಂದು ಅಕ್ಷರಗಳು, ನಡುನಡುವೆ ಕೆಂಪು ಶೀರ್ಷಿಕೆಗಳು. ಇಡೀ ಪುಟದಲ್ಲಿ ನನಗೆ ಗುರುತು ಸಿಕ್ಕಿದ್ದು ಎರಡು ಪದ: ಹೃದಯ ಮತ್ತು ಮೂಳೆ. ಅದನ್ನು ಮೇಲಧಿಕಾರಿಗೆ ಹೇಳಿಯೇಬಿಟ್ಟೆ. ಆಕೆ ನಕ್ಕರು. ಮಗಳು ನಗಲಿಲ್ಲ.

ಆಮೇಲಿನದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನಾನು ಕುರ್ಚಿಯಿಂದ ಏಳುವಾಗ ಬಲಗಾಲಿನ ಶೂ ಮೇಜಿನ ಕಾಲಿಗೆ ತಾಗಿತು. ಮೇಜು ಅಲುಗಿತು, ಪುಸ್ತಕವೂ ಅಲುಗಿತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನನಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದರು. ಆದರೆ ಕೇಳದೆ ಕೈಯಿಂದ ಮುಟ್ಟುವಂತಿಲ್ಲ. ಆ ನಿಯಮ ನೆನಪಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಬಗ್ಗಿ, ಹಣೆಯನ್ನೇ ಪುಟಕ್ಕೆ ತಾಗಿಸಿದೆ.

ವರ್ಷವಿಡೀ ಸ್ಟಿಕರ್ ಇಡುವವಳು ನಾನು. ಮಗಳ ಆಫೀಸಿನವರು ನೋಡುತ್ತಾರೆಂದು ಅಂದು ಮಾತ್ರ ಮೈಸೂರಿನಿಂದ ತಂದ ಕುಂಕುಮವನ್ನು ಕಾಸಿನಗಲ ಇಟ್ಟಿದ್ದೆ.

ತಲೆಯೆತ್ತಿದಾಗ ಪುಟದ ಕೆಳ ಅಂಚಿನಲ್ಲಿ ಒಂದು ಕೆಂಪು ಬೊಟ್ಟು ಇತ್ತು. ಅದು ಮೊದಲಿಂದಲೂ ಅಲ್ಲಿತ್ತೆಂದು ನಂಬಲು ಪ್ರಯತ್ನಿಸಿದೆ. ಪುಟದಲ್ಲಿ ಕೆಂಪಿಗೇನೂ ಕೊರತೆಯಿರಲಿಲ್ಲ. ಮೇಲಧಿಕಾರಿ ಕಪಾಟಿನ ಕಡೆ ತಿರುಗಿದ್ದರು, ಏನನ್ನೂ ನೋಡಿರಲಿಲ್ಲ. ಮಗಳು ನನ್ನ ಹಣೆ ನೋಡಿದಳು, ಪುಟ ನೋಡಿದಳು. ಸ್ಯಾಂಪಲ್ ಕೆಟ್ಟರೆ ತಕ್ಷಣ ಹೇಳಿ ಎಂದು ಮೂವತ್ತು ವರ್ಷ ಬೋಧಿಸಿದ ನನ್ನ ಬಾಯಿ ತೆರೆಯಲಿಲ್ಲ. ಹೇಳಿದವಳು ಮಗಳು. ಮೆಲ್ಲಗೆ, ಇಂಗ್ಲಿಷಿನಲ್ಲಿ, ಒಂದೇ ವಾಕ್ಯದಲ್ಲಿ: ಪುಟಕ್ಕೆ ಬಣ್ಣ ತಾಗಿದೆ, ನನ್ನ ಅಮ್ಮನಿಂದ.

ಮೇಲಧಿಕಾರಿ ಸಣ್ಣ ಬ್ರಷ್ ಹಿಡಿದು ಬಗ್ಗಿದರು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು.

"ಹಣೆ ಯಾಕಮ್ಮಾ?"

"ಕೈ ತಾಗಿಸ್ಬಾರ್ದು ಅಂತ ನೀನೇ ಹೇಳಿದ್ಯಲ್ಲ."

"ಅದು ಪೇಪರ್ ಅಲ್ಲ, ಗೊತ್ತಾ? ಕರುವಿನ ಚರ್ಮ."

ಬಿಸ್ಕತ್ತಿನ ಪೊಟ್ಟಣದಲ್ಲೂ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಾಟಿನ್ ಇದೆಯೇ ಎಂದು ಹುಡುಕಿ ಓದುವವಳು ನಾನು. ಹಣೆ ಒರೆಸಿಕೊಳ್ಳಲು ಕೈಯೆತ್ತಿದೆ.

"ಒರೆಸ್ಬೇಡ. ಸ್ಯಾಂಪಲ್ ಬೇಕಾಗ್ಬೋದು."

ಬೇಕಾಯಿತು. ಹತ್ತಿ ಸುತ್ತಿದ ಕಡ್ಡಿಯಿಂದ ಮೇಲಧಿಕಾರಿ ನನ್ನ ಹಣೆಯ ಕುಂಕುಮ ತೆಗೆದು, ಸೀಸೆಗೆ ಹಾಕಿ ಲೇಬಲ್ ಅಂಟಿಸಿದರು. ಆ ಕೆಲಸದಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ.

ಸಿಡ್ನಿಗೆ ಮರಳಿ ಒಂದು ತಿಂಗಳು ನಾನಾಗಿ ಅವಳಿಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ. ಕೊನೆಗೆ ಅವಳೇ ಮಾಡಿದಳು.

"ಕನ್ಫರ್ಮ್ ಆಯ್ತಮ್ಮ. ಏನಾದ್ರೂ ತಪ್ಪಾದ್ರೆ ಮುಚ್ಚಿಡಲ್ಲ ಅಂತ ನನ್ನ ಬಗ್ಗೆ ಬರೆದಿದಾರೆ."

"ಆ ಬೊಟ್ಟು?"

"ಮುಕ್ಕಾಲು ಹೋಯ್ತು. ಇನ್ನೂ ಉಜ್ಜಿದ್ರೆ ಪುಟಕ್ಕೇ ಡ್ಯಾಮೇಜು. ಹಾಗೇ ಬಿಟ್ಟು, ಪುಸ್ತಕದ ಫೈಲಲ್ಲಿ ಸೇರಿಸಿದಾರೆ, ವಿಸಿಟರ್ ಒಬ್ಬರ ಹಣೆಯಿಂದ ಬಂದಿದ್ದು ಅಂತ."

"ಹೆಸರು ಹಾಕಿದಾರಾ?"

"ಇಲ್ಲಮ್ಮ, ಹೆದರ್ಬೇಡ."

ನಾನು ಹೆದರಿ ಕೇಳಿದೆನೆಂದು ಅವಳು ತಿಳಿದಳು. ಕೊಂಚ ನಿರಾಶೆಯಾಯಿತೆಂಬುದನ್ನೂ ಇಲ್ಲಿ ದಾಖಲಿಸಬೇಕು.