ಪರದೆಯ ಹಿಂದಿನ ಮಗ್ಗುಲು

ಮಸೂತಿ ಎಂಬ ಊರಿನಲ್ಲಿ ಪಾರ್ಥನನ್ನು ಬರೀ ಪಾರ್ಥ ಎಂದು ಕರೆಯುವವಳು ಅವನ ತಾಯಿ ತುಳಸೀಬಾಯಿ ಒಬ್ಬಳೇ. ಉಳಿದವರಿಗೆಲ್ಲ ಅವನು ವಾಯರ್ ಪಾರ್ಥ. ಬಸವನ ಬಾಗೇವಾಡಿಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ತಿಂಗಳ ಪಗಾರದ ಕೆಲಸ. ಹೆಗಲಿಗೆ ಕೇಬಲ್ಲಿನ ಸುರುಳಿ, ಬೈಕಿಗೆ ಕಟ್ಟಿದ ಏಣಿ, ಕೊರಳಲ್ಲಿ ಒಂದು ಗುರುತಿನ ಚೀಟಿ. ಆ ಚೀಟಿಯ ಫೋಟೋದಲ್ಲಿ ಅವನು ಕಳವು ಮಾಡಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ. ಹಳ್ಳಿಹಳ್ಳಿ ತಿರುಗಿ, ಮಾಳಿಗೆ ಹತ್ತಿ, ಮನೆಮನೆಗೆ ಚಿತ್ರ ಮುಟ್ಟಿಸುವುದು ಅವನ ದಂಧೆ. ಹಾಗೆ ಮುಟ್ಟಿಸಿದ ಮೇಲೆ ಸಂಜೆ ಕಟ್ಟೆಗೆ ಬಂದು ಕೂಡುವ ಮಂದಿ ಕಡಿಮೆಯಾದರು. ಎಲ್ಲರೂ ತಂತಮ್ಮ ಮೊಬೈಲಿನ ಮುಂದೆ ತಲೆ ಬಗ್ಗಿಸಿ ಕೂತರು. ಅದನ್ನು ನೋಡಲಾಗದೆ ಓಣಿಯಲ್ಲಿ ಬಯಲು ಸಿನಿಮಾ ಶುರುಮಾಡಿದೆ ಎಂದು ಪಾರ್ಥ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅದು ಅರ್ಧ ನಿಜ. ತನಗೆ ಸಿನಿಮಾದಲ್ಲಿ ಒಳ್ಳೆಯ ರುಚಿಯಿದೆ ಎಂಬ ಸಂಗತಿ ಇಡೀ ಮಸೂತಿಯಲ್ಲಿ ತನ್ನೊಬ್ಬನಿಗೇ ಗೊತ್ತಿದೆಯಲ್ಲ ಎಂಬ ಸಂಕಟ ಇನ್ನರ್ಧ.

ಸಾಮಾನು ಹೆಚ್ಚೇನಿರಲಿಲ್ಲ. ವಿಜಯಪುರದಲ್ಲಿ ಬಾಗಿಲು ಹಾಕಿದ ಟ್ಯೂಶನ್ ಕ್ಲಾಸೊಂದರ ಹಳೆಯ ಪ್ರೊಜೆಕ್ಟರು, ಭಜನಾ ಮಂಡಳಿಯ ಸ್ಪೀಕರು, ಹಿಟ್ಟಿನ ಗಿರಣಿಯ ಮಡಿವಾಳಪ್ಪನ ಕರೆಂಟು. ಪರದೆಯನ್ನು ಓಣಿಯ ಟೇಲರ್ ಸಗೀರಾ ಮಾಂಜರಪಾಟಿನ ಬಿಳಿ ಬಟ್ಟೆ ಜೋಡಿಸಿ ಹೊಲಿದು ಕೊಟ್ಟಿದ್ದಳು. ಶನಿವಾರ ಹೊತ್ತು ಮುಳುಗುತ್ತಲೇ ಅದನ್ನು ಗಿರಣಿಯ ಮುಂದಿನ ಬಯಲಲ್ಲಿ, ಕಟ್ಟೆಗೆ ಬೆನ್ನಾಗಿ, ಒಂದು ಕಂಬಕ್ಕೂ ಬೇವಿನ ಮರಕ್ಕೂ ನಡುವೆ ಬಿಗಿಯುತ್ತಿದ್ದರು.

ಸಿನಿಮಾ ಆರಿಸುವವನು ಪಾರ್ಥನೇ. ಹೊಡೆದಾಟದ್ದು ಮೊಬೈಲಿನಲ್ಲೇ ಸಿಗುತ್ತದೆ, ಇಲ್ಲಿ ಬೇರೆಯದೇ ತೋರಿಸಬೇಕು ಎಂದು ಅವನು ದೂರದೇಶದ, ಮಾತು ಕಡಿಮೆಯಿರುವ, ಮಂಜು ಜಾಸ್ತಿಯಿರುವ ಚಿತ್ರಗಳನ್ನೇ ಹುಡುಕಿ ತರುತ್ತಿದ್ದ. ಮಂದಿಗೆ ತಿಳಿಯಬೇಕಲ್ಲ? ಅದಕ್ಕೆ ವಾರವಿಡೀ ಕೆಲಸ ಮುಗಿಸಿ ಬಂದು ಒಂದೊಂದೇ ಮಾತನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ, ಚಿತ್ರದ ಅಡಿಯಲ್ಲಿ ಅಕ್ಷರ ಮೂಡುವಂತೆ ಕೂಡಿಸುತ್ತಿದ್ದ. ಅದು ಸಾದಾ ಕನ್ನಡವಲ್ಲ. ‘ನಿನ್ನ ನಿರ್ಗಮನವು ನನ್ನನ್ನು ರಿಕ್ತನನ್ನಾಗಿಸಿದೆ’ ಎಂಬಂಥ ಕನ್ನಡ. ಇಂಥ ಸಾಲು ಮೂಡುವಾಗ ಅವನು ಪರದೆ ನೋಡುತ್ತಿರಲಿಲ್ಲ, ಮಂದಿಯ ಮುಖ ನೋಡುತ್ತಿದ್ದ. ಮಂದಿ ‘ನಿರ್ಗಮನ’ಕ್ಕೆ ಮುಟ್ಟುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತಿತ್ತು. ತಾನು ಬರೆದ ಒಂದು ಮಾತಿಗೆ, ಒಂದೇ ಒಂದಕ್ಕೆ, ಈ ಓಣಿ ನಗಬೇಕು ಇಲ್ಲವೇ ಕಣ್ಣೊರೆಸಿಕೊಳ್ಳಬೇಕು ಎಂಬುದು ಅವನ ಆಸೆ.

ಮೊದಲ ಶನಿವಾರವೇ ಮುಂದೆ ಜಾಗ ಸಾಲದೆ ಕೆಲವರು ಪರದೆಯ ಹಿಂದೆ, ಗಿರಣಿಯ ಕಟ್ಟೆಯ ಮೇಲೆ ಕೂತರು. ತೆಳುವಾದ ಬಟ್ಟೆ, ಚಿತ್ರ ಹಿಂದಿನಿಂದಲೂ ಕಾಣುತ್ತಿತ್ತು. ಎಡಬಲ ಮಾತ್ರ ಅದಲುಬದಲು, ಅಲ್ಲಿ ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದರು. ಪಾರ್ಥನ ಅಕ್ಷರಗಳೂ ಉಲ್ಟಾ ಮೂಡಿ ಯಾರಿಗೂ ಓದಲು ಬರುವಂತಿರಲಿಲ್ಲ. ಕಟ್ಟೆಯ ಮೇಲಿದ್ದ ಸಗೀರಾ ಆಗ ಬಾಯಿ ತೆರೆದಳು. ಐವತ್ತರ ಹತ್ತಿರದ ಹೆಂಗಸು. ಹೊಲಿಗೆ ಮಷೀನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಮೇಲಕ್ಕೇರಿದ್ದು ಕೆಳಗೆ ಇಳಿದಿರಲಿಲ್ಲ.

ಪರದೆಯ ಮೇಲೆ ಒಬ್ಬ ಮೀನುಗಾರ ಮನೆಗೆ ಬಂದಿದ್ದ, ಹೆಂಡತಿ ಕಿಟಕಿಯ ಬಳಿ ನಿಂತು ಅಳುತ್ತಿದ್ದಳು. ಮುಂದಿನ ಮಗ್ಗುಲಲ್ಲಿ ‘ಸಮುದ್ರವು ನನ್ನ ಯೌವನವನ್ನು ನುಂಗಿತು’ ಎಂದು ಮೂಡಿತು.

‘ಆಕಿ ಯಾಕ ಅಳಾಕತ್ತಾಳ, ಸಗೀರಾಬಿ?’ ಎಂದು ಹಿಂದೆ ಯಾರೋ ಕೇಳಿದರು.

‘ಅಳದ ಏನ್ ಮಾಡ್ತಾಳ? ಮಗ್ಗಲಮನಿಯಾಕಿಗಿ ಹೊಸಾ ಸೀರಿ ಬಂದೈತಿ. ಈ ಮೂಳ ನೋಡಿದ್ರ ಬರೇ ಮೀನ ತಂದಾನ.’

ಕಟ್ಟೆ ನಕ್ಕಿತು. ಮುಂದಿದ್ದವರು ಕತ್ತು ಹೊರಳಿಸಿದರು. ಮುಂದಿನ ವಾರ ಅವರಲ್ಲಿ ಕೆಲವರು ಹಿಂದೆ ಹೋದರು. ಅದರ ಮುಂದಿನ ವಾರ ಹಿಂದೆ ಹೋದವರು ಮುಂದೆ ಬಂದು ಉಳಿದ ತಮ್ಮ ಮಂದಿಯನ್ನೂ ಕರೆದುಕೊಂಡು ಹೋದರು.

ಪಾರ್ಥ ಒಮ್ಮೆ ಅವಳ ಬಳಿ ಹೋಗಿ, ‘ಕಥಿ ಹಂಗಿಲ್ರಿ ಸಗೀರಾಬಿ, ಬ್ಯಾರೆನೇ ಅದ’ ಎಂದು ತಿಳಿಸಿ ಹೇಳಿದ.

‘ಇರಲಿ ಬಿಡಪಾ. ಮುಂದಿನ ಮಗ್ಗಲಾ ನಿಂದು, ಹಿಂದಿನ ಮಗ್ಗಲಾ ನಂದು. ಹೊಲಿದಾಕಿ ನಾನೇ ಅಲ್ಲೇನು?’

ಪಾರ್ಥ ಪ್ರೊಜೆಕ್ಟರಿನ ಬಳಿಗೆ ಮರಳಿದ. ಆದರೆ ನಿಜವಾಗಿ ಒಳಗೆ ಕೊಯ್ದದ್ದು ಮರು ಶನಿವಾರ. ಸಿನಿಮಾ ಶುರುವಾಗುವ ಹೊತ್ತಿಗೆ ತುಳಸೀಬಾಯಿ ತನ್ನ ಮಡಚುವ ಕುರ್ಚಿ ಎತ್ತಿಕೊಂಡು ಪರದೆಯ ಅಂಚಿನತ್ತ ನಡೆದಳು.

‘ಎಲ್ಲಿ ಹೊಂಟಿ ಆಯೀ?’

‘ಇಲ್ಲಿ ಸೊಳ್ಳಿ ಭಾಳ ಅವನೋ.’

‘ಹಿಂದ ಇಲ್ಲೇನು?’

‘ಅಲ್ಲೂ ಅವ. ಖರೆ ಅಲ್ಲಿ ಕಡದದ್ದು ಗೊತ್ತಾಗೂದಿಲ್ಲ’ ಎಂದು ಅವಳು ದಾಟಿಯೇಬಿಟ್ಟಳು.

ಸೋಮವಾರ ಪಾರ್ಥ ಅದೇ ಓಣಿಯ ಮಾಳಿಗೆಯೊಂದರ ಮೇಲೆ ವಾಯರು ಜೋಡಿಸುತ್ತಿದ್ದ. ಕೆಳಗೆ ಸಂತೆಯಿಂದ ಬಂದ ಗಂಡನ ಚೀಲದಲ್ಲಿ ಇಣುಕಿ ಹೆಂಡತಿ, ‘ನೀನೂ ಬರೇ ಮೀನ ತಂದಿ ನೋಡು!’ ಎಂದಳು. ಚೀಲದಲ್ಲಿದ್ದದ್ದು ಬದನೆಕಾಯಿ. ಗಂಡಹೆಂಡಿರಿಬ್ಬರೂ ನಕ್ಕರು. ಮಾಳಿಗೆಯ ಮೇಲೆ ಪಾರ್ಥನ ಕೈಯಲ್ಲಿನ ಇಕ್ಕಳ ನಿಂತಿತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನು ತನ್ನ ಸಾಲನ್ನು ಗಟ್ಟಿಯಾಗಿ ಅಂದು ನೋಡಿದ: ‘ಸಮುದ್ರವು ನನ್ನ ಯೌವನವನ್ನು ನುಂಗಿತು.’ ಬ್ಯಾಂಕಿನವರು ಗೋಡೆಗೆ ಅಂಟಿಸುವ ನೋಟೀಸಿನ ಹಾಗೆ ಕೇಳಿಸಿತು.

ಇದು ಹೊಟ್ಟೆಕಿಚ್ಚು ಎಂದು ಅವನು ಒಪ್ಪಲಿಲ್ಲ. ಕಲೆಯ ಬಗೆಗಿನ ಕಾಳಜಿ ಎಂದುಕೊಂಡ. ಅದೇ ಕಾಳಜಿಯಿಂದ, ಸಗೀರಾಳ ಮನೆಯ ಇಂಟರ್‌ನೆಟ್ ಕೆಟ್ಟಿದೆ ಎಂಬ ದೂರು ಬಂದಾಗ ಅದನ್ನು ಎಲ್ಲ ಕೆಲಸಗಳ ಕೊನೆಗೆ ಇಟ್ಟುಕೊಂಡ. ಅವಳಿಗೆ ಅದರ ಅಗತ್ಯವೇ ಬೀಳಲಿಲ್ಲ. ಅವಳ ಮನೆಯಲ್ಲಿ ಹೇಗೂ ಮಂದಿ ತುಂಬಿರುತ್ತಿದ್ದರು.

ಕೊನೆಗೆ ಉಪಾಯ ಮೊಬೈಲಿನಲ್ಲೇ ಸಿಕ್ಕಿತು. ಪರದೆಯ ಬೆನ್ನಿಗೆ ಕಪ್ಪು ಹೊದಿಕೆ ಹಾಕಿದರೆ ಬೆಳಕು ಹಿಂದಕ್ಕೆ ಸೋರುವುದಿಲ್ಲ, ಮುಂದೆ ಚಿತ್ರ ಢಾಳಾಗಿ ಮೂಡುತ್ತದೆ. ಬೆಳಕು ಹಿಂದಕ್ಕೆ ಸೋರುವುದಿಲ್ಲ ಎಂಬ ಮಾತನ್ನು ಅವನು ಮತ್ತೆ ಮತ್ತೆ ಓದಿದ. ದ್ರಾಕ್ಷಿ ತೋಟದ ರಾವಸಾಬನ ಬಳಿ ಕೃಷಿಹೊಂಡಕ್ಕೆ ಹಾಸಿ ಉಳಿದ ಕಪ್ಪು ಪ್ಲಾಸ್ಟಿಕ್ ಇತ್ತು. ಕೇಳಿ ತಂದ. ಬೈಕಿನ ಮೇಲೆ ಅದನ್ನು ಹೊತ್ತು ತರುವಾಗ ಓಣಿಯ ತಿರುವಿನಲ್ಲಿ ಹೊಳೆಯಿತು: ಇಂಥ ದಪ್ಪ ಪ್ಲಾಸ್ಟಿಕ್ಕನ್ನು ಬಟ್ಟೆಗೆ ಕೂಡಿಸಿ ಹೊಲಿಯುವ ಮಷೀನು ಊರಲ್ಲಿ ಇರುವುದು ಒಂದೇ.

‘ಇದನ್ನ ಪರದೆ ಬೆನ್ನಿಗೆ ಹಚ್ಚಿ ಹೊಲೀಬೇಕ್ರಿ.’

ಸಗೀರಾ ಪ್ಲಾಸ್ಟಿಕ್ಕನ್ನು ಬೆರಳಿನಲ್ಲಿ ತಿಕ್ಕಿದಳು. ‘ಯಾಕಪಾ?’

‘ಚಿತ್ರ ಚೊಲೋ ಕಾಣ್ತದ.’

‘ಯಾರಿಗಿ?’

ಪಾರ್ಥ ಮಷೀನಿನ ಗಾಲಿಯನ್ನೇ ನೋಡುತ್ತ ನಿಂತ. ‘ಅದು ಟೆಕ್ನಾಲಜಿ ಅದ್ರಿ’ ಎಂದ.

‘ಹಾಂ, ಟೆಕ್ನಾಲಜಿ’ ಎಂದು ಅವಳು ಇದ್ದ ಸೂಜಿ ತೆಗೆದು ದಪ್ಪ ಸೂಜಿ ಹಾಕಿದಳು. ಮುಖದಲ್ಲಿ ಒಂದಿಷ್ಟಾದರೂ ಸಿಟ್ಟು ಕಂಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಹಾಡು ಗುನುಗುತ್ತ ಅಂಚಿನಿಂದ ಅಂಚಿಗೆ ಹೊಲಿದು, ಮಡಚಿ, ಅವನ ಕೈಗೆ ಕೊಟ್ಟಳು.

ಆ ಶನಿವಾರದ ಸಿನಿಮಾದಲ್ಲಿ ಒಬ್ಬ ಮುದುಕ ಮರದ ಬಾಗಿಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಗುಡ್ಡಗಳನ್ನು ದಾಟುತ್ತಾನೆ. ಕಪ್ಪು ಹೊದಿಕೆಯ ಮಹಿಮೆ, ಚಿತ್ರ ಹಿಂದೆಂದೂ ಕಾಣದಷ್ಟು ಢಾಳಾಗಿತ್ತು. ಹಿಂದೆ ಏನೂ ಕಾಣದ್ದರಿಂದ ಎಲ್ಲರೂ ಮುಂದೆ ಬಂದು ಕೂತರು. ತುಳಸೀಬಾಯಿ, ಮಡಿವಾಳಪ್ಪ, ಅವರ ನಡುವೆ ಬಾಯಿ ಮುಚ್ಚಿಕೊಂಡ ಸಗೀರಾ. ಪಾರ್ಥನ ಎದೆ ಉಬ್ಬಿತು. ‘ಗೃಹವಿಲ್ಲದ ದ್ವಾರವು ಭಾರವೇ ಸರಿ’ ಎಂಬ ಸಾಲು ಮೂಡಿತು. ಯಾರೋ ಆಕಳಿಸಿದರು.

‘ಈ ಮುದುಕ ಬಾಗಲಾ ಯಾಕ ಹೊತ್ತಾನ, ಸಗೀರಾ?’ ಎಂದು ಮಡಿವಾಳಪ್ಪ ಕೇಳಿದ.

‘ಅಲ್ಲಿ ಬರದೈತಲ್ರಿ, ಓದ್ಕೋರಿ.’

‘ಓದೂದ್ರಾಗ ಓಡಿ ಹೋಗತೈತಿ ಅದು.’

‘ಸಾವಕಾಶ ಇಲ್ಲೇ ಹೇಳವಾ’ ಎಂದಳು ತುಳಸೀಬಾಯಿ.

‘ಇಲ್ಲಿ ಬ್ಯಾಡ್ರಿ ಬಾಯೀ. ಇದು ನಿಮ್ಮ ಮಗನ ಮಗ್ಗಲಾ’ ಎಂದು ಸಗೀರಾ ಎದ್ದು, ಸೆರಗು ಕೊಡವಿ, ಪರದೆಯ ಹಿಂದೆ ಕತ್ತಲಿಗೆ ಹೋದಳು. ಮೊದಲು ಮಡಿವಾಳಪ್ಪ ಎದ್ದ. ಆಮೇಲೆ ಕುರ್ಚಿ ಮಡಚಿದ ಸದ್ದು. ನೋಡನೋಡುತ್ತಿದ್ದಂತೆ ಬಯಲು ಖಾಲಿಯಾಯಿತು. ಮುಂದೆ ಉಳಿದದ್ದು ಪಾರ್ಥ, ಪ್ರೊಜೆಕ್ಟರು ಮತ್ತು ಕಾಲು ಚಾಚಿ ಮಲಗಿದ್ದ ಒಂದು ನಾಯಿ.

ಹಿಂದೆ ಓಣಿಯ ಅಷ್ಟೂ ಮಂದಿ ಒಂದು ಕಪ್ಪು ಪ್ಲಾಸ್ಟಿಕ್ಕಿಗೆ ಮುಖಮಾಡಿ ಕೂತು ಸಿನಿಮಾ ಕೇಳತೊಡಗಿದರು.

‘ಅಳಿಯಾ ಕುಡ್ಯಾಕ ಮನೀ ಬಾಗಲಾ ಮಾರ್ಯಾನ’ ಎಂದು ಸಗೀರಾಳ ದನಿ ಶುರುವಾಯಿತು. ‘ಮಗಳ ಮನ್ಯಾಗ ಥಂಡಿ ಹೊಗಾಕತ್ತೈತಿ. ಅದಕ್ಕ ಮುದುಕ ತನ್ನ ಬಾಗಲಾ ಕಿತ್ತಗೊಂಡು ಹೊಂಟಾನ.’

‘ಹಂಗಾದ್ರ ಅಂವನ ಮನಿಗಿ ಬಾಗಲಾ?’

‘ಬಾಗಲಾ ಯಾಕ ಬೇಕು? ಕಳವ ಮಾಡಾಕ ಏನೈತಿ? ಇದ್ದದ್ದೊಂದು ಬಾಗಲಾ, ಅದನ್ನ ತಾನೇ ಒಯ್ದಾನ.’

ನಗೆಯ ಅಲೆ ಪರದೆಯನ್ನು ಅಲುಗಿಸಿದಂತಾಯಿತು. ಪಾರ್ಥನಿಗೆ ಮೈ ಉರಿಯಿತು. ಸಿನಿಮಾ ಮಾಡಿದವನು ಮುದುಕ ಬಾಗಿಲು ಹೊತ್ತದ್ದೇಕೆ ಎಂದು ಕೊನೆಯವರೆಗೂ ಹೇಳಿರಲಿಲ್ಲ. ಪಾರ್ಥ ಅದರ ಗೂಢಾರ್ಥ ಹುಡುಕಿ ವಾರ ಕಳೆದಿದ್ದ. ಇವಳು ಕೂತಲ್ಲೇ ಕಾರಣ ಕೊಟ್ಟಿದ್ದಳು, ಅದೂ ಅವನಿಗೆ ಹೊಳೆದ ಎಲ್ಲಕ್ಕಿಂತ ಚೆನ್ನಾಗಿದ್ದ ಕಾರಣ.

ಅಷ್ಟರಲ್ಲಿ ಸ್ಪೀಕರಿನಲ್ಲಿ ಏನೋ ಲಟಲಟ ಎಂದಿತು. ಹಿಂದೆ ಗದ್ದಲ ನಿಂತಿತು.

‘ಏನ್ ಮುರೀತು?’

‘ತಡೀರಿ’ ಎಂದಳು ಸಗೀರಾ. ನೋಡಿದ್ದಷ್ಟು ಕಥೆ ಅವಳಲ್ಲಿ ಮುಗಿದಿತ್ತು.

‘ಏ ಪಾರ್ಥಾ!’ ಮಡಿವಾಳಪ್ಪ ಕೂಗಿದ. ‘ಏನಾತೋ ಅಲ್ಲಿ?’

ಪಾರ್ಥ ಓಡಿ ಬೇವಿನ ಮರದ ಬುಡಕ್ಕೆ ಬಂದ. ಅಲ್ಲಿಂದ ಚಿತ್ರವೂ ಕಾಣುತ್ತಿತ್ತು, ಮಂದಿಗೆ ಮಾತೂ ಮುಟ್ಟುತ್ತಿತ್ತು. ಗಂಟಲು ಸರಿಮಾಡಿಕೊಂಡು, ‘ವೃದ್ಧನು ದ್ವಾರದ ಮೇಲೆ ಆಸೀನನಾಗಿ…’ ಎಂದ.

‘ಏನಾಗಿ?’

‘ಬಾಗಲದ ಮ್ಯಾಲ ಕುಂಡಿ ಊರಿ ಜಾರಲಿಕ್ಕತ್ತಾನ್ರಿ! ಗುಡ್ಡದ ಮ್ಯಾಲಿಂದ ಕೆಳಗ! ಧೋತರಾ ಹಾರಿ ಮಾರಿ ಮ್ಯಾಲ ಬಂದದ!’

ಆ ದೇಶದಲ್ಲಿ ಧೋತರವಿಲ್ಲ. ಮುದುಕ ಮೊಣಕಾಲಿನವರೆಗೆ ಬೂಟು, ಉಣ್ಣೆಯ ಕೋಟು ಹಾಕಿದ್ದ. ಆದರೆ ಕಟ್ಟೆ ಬಿದ್ದುಬಿದ್ದು ನಕ್ಕಿತು. ಆ ನಗೆಯಲ್ಲಿ ತಾಯಿಯ ಕೆಮ್ಮು ಬೆರೆತ ನಗೆಯನ್ನು ಅವನು ಬೇರೆಯಾಗಿ ಗುರುತಿಸಿದ. ಕಿವಿ ಬಿಸಿಯಾಯಿತು.

‘ಆಮ್ಯಾಲೋ?’ ಎಂದು ಮಂದಿ ಕೇಳಿದರು, ಅವನನ್ನು.

ಪರದೆಯ ಮೇಲೆ ಅಂಚೆಯವನೊಬ್ಬ ಎದುರಾಗಿದ್ದ. ‘ಅಳಿಯಾ ಎದುರಿಗೆ ಬಂದಾನ್ರಿ’ ಎಂದ ಪಾರ್ಥ, ನಾಚಿಕೆಯಿಲ್ಲದೆ. ‘ಕೈಯಾಗ ಬಾಟ್ಲಿ ಅದ.’

‘ಅಂವ ಅಳಿಯಾ ಅಲ್ಲ’ ಎಂದಳು ಸಗೀರಾ ಥಟ್ಟನೆ. ‘ಅಳಿಯಾ ಇನ್ನಾ ಬಂದಿಲ್ಲ.’

‘ನೀ ನೋಡಿಯೇನು?’ ಎಂದ ಮಡಿವಾಳಪ್ಪ. ‘ಅಂವ ನೋಡಿ ಹೇಳಾಕತ್ತಾನ. ನೀ ಒಂಚೂರು ಸುಮ್ಮನಿರವಾ.’

ಪಾರ್ಥ ಅಳಿಯನನ್ನು ಹಿಮದಲ್ಲಿ ಹೊರಳಾಡಿಸಿದ, ಮುದುಕನ ಕೈಯಲ್ಲಿ ನಾಕು ಬಿಗಿಸಿದ. ಅಡಿಯಲ್ಲಿ ತಾನು ವಾರವಿಡೀ ಕೂತು ಬರೆದ ಸಾಲುಗಳು ಒಂದರ ಹಿಂದೊಂದು ಮೂಡಿ ಹೋಗುತ್ತಿದ್ದವು. ಅವನೂ ಓದಲಿಲ್ಲ.

ಸ್ವಲ್ಪ ಹೊತ್ತಿಗೆ ಕಟ್ಟೆಯಿಂದ ಸಗೀರಾಳ ದನಿ ಬಂತು. ‘ಮಷೀನ ಬಿಟ್ಟ ಬಂದೀಯಲ್ಲಪಾ, ಸುಟ್ಟಗಿಟ್ಟೀತು. ಹೋಗಿ ಅದನ್ನ ನೋಡ್ಕೋ.’

ಕತ್ತಲಲ್ಲಿ ಮುಖ ಕಾಣಲಿಲ್ಲ. ಆದರೆ ಆ ದನಿ ಅವನಿಗೆ ಚೆನ್ನಾಗಿ ಗುರುತಿತ್ತು. ಇಷ್ಟು ದಿನ ಅದು ಇದ್ದದ್ದು ಅವನ ಗಂಟಲಲ್ಲೇ. ಎಲ್ಲರೂ ನಗುವಾಗ ಕಾಳಜಿಯ ಮಾತಾಡುವ ದನಿ. ಸಿನಿಮಾ ಶುರುಮಾಡಿದಂದಿನಿಂದ ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಸಗೀರಾ ಗಿರಣಿಯ ಕಟ್ಟೆಯ ಮೇಲೆ ಪರದೆ ಹರಡಿಕೊಂಡು, ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಿದ್ದಳು.

‘ಯಾಕ್ರಿ?’

‘ಪ್ಲಾಸ್ಟಿಕ್ ಗಾಳಿ ಹಿಡೀತೈತಿ. ಬಟ್ಟಿ ಹರೀತೈತಿ’ ಎಂದಳು ತಲೆ ಎತ್ತದೆ.

‘ನಿನ್ನೆ ಹರೀಲಿಲ್ಲಲ್ರಿ.’

‘ನಾಳೆ ಹರೀತೈತಿ.’

‘ಚಿತ್ರ ಎಷ್ಟ ಢಾಳ ಬಿದ್ದಿತ್ತು ನೋಡಿದ್ರಿಲ್ಲೋ. ಇರಲಿ ಬಿಡ್ರಿ.’

‘ಯಾರೂ ನೋಡಲಾರದ ಚಿತ್ರಕ್ಕ ಢಾಳ ಯಾಕಪಾ?’ ಎಂದು ಅವಳು ಅರ್ಧ ಬಿಚ್ಚಿದ ಪ್ಲಾಸ್ಟಿಕ್ಕನ್ನು ತನ್ನ ಕಡೆ ಎಳೆದುಕೊಂಡಳು.

ಪಾರ್ಥ ಇನ್ನೊಂದು ತುದಿ ಹಿಡಿದ. ಬಾಗೇವಾಡಿಯಿಂದ ಅಂಗಡಿಯ ಮಾಲಕರ ಫೋನು ಬರತೊಡಗಿತು, ಕಿಸೆಯಲ್ಲೇ ಬಡಿದು ಬಡಿದು ನಿಂತಿತು. ಅವಳು ಎಳೆದಳು. ಅವನು ಬಿಡಲಿಲ್ಲ.