ಅಕ್ಕನ ಸೀರಿಗೆ ಒಂದ ಲೇಬಲ್

ನಮ್ಮಕ್ಕ ಬನಹಟ್ಟ್ಯಾಗ ಕೈಮಗ್ಗದ ಮ್ಯಾಲೆ ಸೀರಿ ನೇಯ್ತಿದ್ಲು. ಇಷ್ಟ ವರ್ಷ ಆಕಿ ನೇದ ಸೀರಿಗೆಲ್ಲಾ ಸಾವುಕಾರ ತನ್ನ ಹೆಸರಿನ ಲೇಬಲ್ ಹಚ್ಚಿ ಮಾರ್ಯಾನ. ಹೋದ ತಿಂಗಳ ಆಕಿ, "ಮೊಣಕಾಲ ಕೇಳವಲ್ವು. ಮಗ್ಗಕ್ಕ ಏರಿಸಿದ ಈ ನೂಲ ಮುಗದ್ರ ನೇಯೂದ ಬಿಡ್ತೇನಿ" ಅಂದ್ಲು. ಇನ್ನ ಮೂರ ಸೀರಿ ಆಗೂವಷ್ಟ ನೂಲ ಉಳದಿತ್ತು. ನನಗ ಸಿಟ್ಟ ನೆತ್ತಿಗೇರ್ತು. ಆಕಿ ಮ್ಯಾಲಲ್ಲ, ನನ್ನ ಮ್ಯಾಲೆ.

ಯಾಕಂದ್ರ ಹತ್ತ ವರ್ಷದ ಹಿಂದ ಆಕಿ ನನ್ನ ಕೇಳಿದ್ದು ಒಂದ. "ಲೇ ತಮ್ಮಾ, ನನ್ನ ಹೆಸರಿಲೆ ಒಂದ ಲೇಬಲ್ ಮಾಡಿಕೊಡೋ. ನಾಕ ಸೀರಿ ನಾನ ಮಾರ್ತೇನಿ."

ನಾ ಆಗಷ್ಟ ಮಹಾಲಿಂಗಪುರದಾಗ ಫ್ಲೆಕ್ಸ್ ಅಂಗಡಿ ಹಾಕಿದ್ನಿ. ಮಗ್ಗದ ಮ್ಯಾಲಿದ್ದ ಸೆರಗಿನ ಫೋಟೋ ಹೊಡಕೊಂಡ ಬಂದು, ಕಂಪ್ಯೂಟರ್‌ನ್ಯಾಗ ಗೆರಿ ಎಳದು, ಒಂದ ಪ್ರಿಂಟ್ ತಗದು, ದೊಡ್ಡ ಶಾಣ್ಯಾನಂಗ ಮೊದಲ ಸಾವುಕಾರನ ಅಂಗಡಿಗೇ ತೋರಸಾಕ ಹೋದ್ನಿ. ಅಂವ ಗಿರಾಕಿಗೋಳ ಮುಂದ ಹೊಟ್ಟಿ ಹಿಡಕೊಂಡ ನಕ್ಕ.

"ಏನಪಾ, ಸೀರಿ ಬೆನ್ನ ತೋರಿಸಿ ಮಾರ್ತೀರೇನ? ನೇಕಾರರ ಮನ್ಯಾಗ ಹುಟ್ಟಿ ಮಕ ಯಾವದು, ಬೆನ್ನ ಯಾವದು ಗೊತ್ತಿಲ್ಲೇನ?"

ಖರೇನ. ಅಕ್ಕ ಸೀರಿ ಮಕ ಕೆಳಗ ಮಾಡಿ ನೇಯ್ತಿದ್ಲು. ಮ್ಯಾಲೆ ಕಾಣೂದು ಬರೇ ಬೆನ್ನ, ಜೋತಾಡೂ ಎಳಿ, ಗಂಟು. ನಾ ಅದನ್ನ ಲೇಬಲ್ ಮಾಡಿದ್ನಿ. ನಾಚಿಕಿ ಆಗಿ ಫೈಲ್ ಮುಚ್ಚಿಟ್ನಿ.

ಹತ್ತ ವರ್ಷ! ಅಷ್ಟರಾಗ ಪುಢಾರಿಗೋಳ ಬರ್ತಡೇ ಬ್ಯಾನರ್ ಎಷ್ಟ ಮಾಡಿಲ್ಲ ನಾ? ಮಾರಿ ಬೆಳ್ಳಗ ಮಾಡಿ, ಮೀಸಿ ಕರ್ರಗ ಮಾಡಿ, ಹಿಂದ ಒಂದ ಹುಲಿ ನಿಂದ್ರಿಸಿ. ಕೈ ಪಳಗಿದ್ದ ಅದರಾಗ. ಅಕ್ಕನ ಅಂಗೈಯಷ್ಟ ಕಾಗದಕ್ಕ ಮಾತ್ರ ಟೈಮ್ ಸಿಗಲಿಲ್ಲ. ಥೂ ನನ್ನ.

ಅಕ್ಕ ನೇಯೂದ ಬಿಡ್ತೇನಿ ಅಂದ ರಾತ್ರಿನ ಆ ಫೈಲ್ ತಗದ್ನಿ. ಅಕ್ಷರ ಸೊಟ್ಟ, ಬಣ್ಣ ಕಣ್ಣಿಗೆ ಚುಚ್ಚೂವಂಥಾವು. ಎಲ್ಲಾ ಬಾಜೂಕ ಇಟ್ಟು, ಸೆರಗನ್ನ ಮಕದ ಕಡೆಯಿಂದ ಒಂದೊಂದ ಎಳಿ ನೋಡಿ ಹೊಸಾದ ಬರದ್ನಿ. ಪ್ರಿಂಟ್ ತಗೊಂಡ ಅಕ್ಕನ ಕಡೆ ಓಡಿದ್ನಿ. ಹಳೇದೂ ಒಯ್ದಿದ್ನಿ, ನಾ ಎಷ್ಟ ಸುಧಾರಿಸೇನಿ ತೋರಸಾಕ.

ಆಕಿ ಚಸ್ಮಾ ಏರಿಸಿ ಹೊಸಾದ ನೋಡಿದ್ಲು. "ಛಂದ ಐತಿ. ಯಾರ ಸೀರಿ ಇದು?"

"ನಿಂದ ಅಲ್ಲೇನಬೇ!"

"ಇದು ಉಟ್ಟಾಕಿ ನೋಡೂದೋ." ಹಳೇದ ಎತ್ತಿ ಹಿಡದ್ಲು. "ದಿನಾ ನಾ ನೋಡೂದು ಇದು. ಇದು ನಂದು."

"ಮತ್ತ ಅವಾಗ ಯಾಕ ಹೇಳಲಿಲ್ಲ?" ಒದರಿದ್ನಿ.

"ಒದರಬ್ಯಾಡ. ಅವಾಗ ನೀ ತೋರಿಸಿದ್ದು ಸಾವುಕಾರಗ. ನನಗೇನ ತೋರಿಸಿದ್ದಿ?"

ಎರಡೂ ಪ್ರಿಂಟ್ ಎತ್ತಿಕೊಂಡು ತಿರುಗಿ ಅಂಗಡಿಗೆ ಓಡಿದ್ನಿ.

ಲೇಬಲ್ ಈಗ ಹಿಂಗೈತಿ: ಮುಂದ ಮಕ, ತಿರುವಿದ್ರ ಬೆನ್ನ, ಎರಡೂ ಕಡೆ ಆಕಿ ಹೆಸರು. ಕಡೀ ಮೂರೂ ಸೀರಿಗೆ ಆಕಿನ ತನ್ನ ಕೈಲೆ ಹಚ್ಚಿ, ಮಗ್ಗ ಬಿಟ್ಟ ಎದ್ಲು.

ಪ್ರೆಸ್‌ನ್ಯಾಗ ಸಾವಿರಕ್ಕಿಂತ ಕಮ್ಮಿ ಹೊಡಿಯೂದಿಲ್ಲ. ಉಳದ ಒಂಬೈನೂರಾ ತೊಂಬತ್ತೇಳ ಲೇಬಲ್‌ದ ಗಂಟು ನನ್ನ ಟೇಬಲ್ ಮ್ಯಾಲ ಐತಿ. ದಿನಾ ನೋಡ್ತೇನಿ, ದಿನಾ ಮೈ ಉರಿತೈತಿ.