ಕಾಂಗ್ರಿಗೇಟ್ ಅಂದರೆ ಹಿಂಡುಗೂಡು

ಇವತ್ತು ಬೆಳಿಗ್ಗೆ ಬೆಳವಣಕಿ ರಸ್ತೆಯಲ್ಲಿ ನಮ್ಮ ಬಸ್ಸಿಗೆ ಕುರಿಹಿಂಡು ಅಡ್ಡ ಬಂತು. ಹಿಂದುಳಿದ ಮರಿಯೊಂದು ಓಡಿಬಂದು ಗುಂಪಿನೊಳಗೆ ತಲೆ ತೂರಿಸಿತು. ನನಗೆ ಜಕ್ಕಲಿಯ ಶಾಲೆ ನೆನಪಾಯಿತು.

ಆಗ ನಾನು ಆ ಶಾಲೆಗೆ ಹೊಸಬಳು. ಮಾತಾಡಲು ನಾಚಿಕೆ, ಊಟದ ಬಿಡುವಿನಲ್ಲಿ ಒಬ್ಬಳೇ ಕೂರುತ್ತಿದ್ದೆ. ಒಂದು ದಿನ ಇಂಗ್ಲಿಷ್ ಕಲಿಸುವ ಅಕ್ಕೋರು ಬೋರ್ಡಿನ ಮೇಲೆ ‘ಕಾಂಗ್ರಿಗೇಟ್’ ಎಂದು ಬರೆದರು. ಒಂದೆಡೆ ಸೇರುವುದು ಎಂದು ಅರ್ಥ. ದಿನದ ಮಾತಿನಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ, ಸಭೆ, ಪ್ರಾರ್ಥನೆಗಳ ಮಾತಿನಲ್ಲಿ ಬರುತ್ತದೆ. ಅದರ ಲ್ಯಾಟಿನ್ ಬೇರಿನ ಅರ್ಥ ಹಿಂಡು ಎಂದರು.

“ಹಂಗಾರ ನಾವು ಕುರಿ ಏನ್ರಿ, ಅಕ್ಕೋರ?” ಎಂದಳು ಮುಂದಿನ ಸಾಲಿನ ಶಬಾನಾ.

“ಗಂಟಿ ಹೊಡದ ಕೂಡ್ಲೇ ಹ್ಯಾಂಗ ಓಡ್ತೀರಿ, ನೀವ ನೋಡ್ಕೋರಿ!”

ನಗುವಿನ ನಡುವೆ ನನ್ನ ಬಾಯಿಂದ ಮೆಲ್ಲಗೆ ಬಂತು: “ಹಿಂಡುಗೂಡು.”

“ಯಾರವಾ ಅದು? ಜೋರಾಗಿ ಹೇಳು,” ಎಂದರು ಅಕ್ಕೋರು. ಹೇಳಿದೆ. “ಖರೇ! ಅಲ್ಲೂ ಹಿಂಡು, ಇಲ್ಲೂ ಹಿಂಡು. ಭಾಳ ಚಲೋ!”

ಅಂದು ಮಧ್ಯಾಹ್ನ ಶಬಾನಾ ಬುತ್ತಿ ಬಿಚ್ಚುತ್ತ ಕೂಗಿದಳು: “ಏ, ದೂರ ಯಾಕ ಕುಂತಿ? ಬಾ, ಹಿಂಡುಗೂಡು!” ಅವಳು ನನ್ನ ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ, ಆ ಖಾರದ ಚಟ್ನಿಪುಡಿಯ, ರುಚಿ ಇನ್ನೂ ನಾಲಿಗೆಯ ಮೇಲಿದೆ.

ಈಗ ರೋಣದ ವಾಚನಾಲಯದಲ್ಲಿ ನನ್ನ ವಯಸ್ಸಿನ ಕೆಲವರು ಭಾನುವಾರ ಕೂತು ಪುಸ್ತಕಗಳ ಬಗ್ಗೆ ಮಾತಾಡುತ್ತಾರೆ. ಬಿಎ ಮುಗಿಸಿ ಬಂದಾಗಿನಿಂದ ನಾನು ಬಾಗಿಲವರೆಗೆ ಹೋಗಿ ಮರಳುತ್ತಿದ್ದೇನೆ. ಈ ಭಾನುವಾರ ಒಳಗೆ ಹೋಗಿ ಕೂರುತ್ತೇನೆ.